ಹಳದಿ ಗಾಡಿ ಗೆಲ್ಲುವ ತನಕ

ಫೆಬ್ರವರಿ 3, ಸೋಮವಾರ

ಇವತ್ತು ಮಾವ ಬಾಯಿಬಿಟ್ಟರು. ಐದು ವರ್ಷದಿಂದ ನಾನೂ ಇವಳೂ ಕಾದಿದ್ದ ಮಾತು ಅವರ ಬಾಯಿಂದ ಬಂತು. ಆದರೆ ಬಾಲಕ್ಕೆ ಒಂದು ಷರತ್ತು ಕಟ್ಟಿಕೊಂಡು ಬಂತು.

ಬೆಳಿಗ್ಗೆ ಲಾಂಚ್ ಶೆಡ್ಡಿನ ಸೂಪರ್‌ವೈಸರ್ ಫೋನ್ ಮಾಡಿದ್ದ. ನದಿಯ ಕೆಳಗಿನ ಊರಿನಲ್ಲಿ ಜನರನ್ನು ದಾಟಿಸುವ ದೊಡ್ಡ ಲಾಂಚುಗಳ ಎಂಜಿನ್ ನೋಡಿಕೊಳ್ಳುವ ಕೆಲಸ. ಜೊತೆಗೆ ಕ್ವಾರ್ಟರ್ಸ್, ಎರಡು ಕೋಣೆ, ಒಂದು ಅಡುಗೆಮನೆ. ಜೂನ್‌ವರೆಗೆ ಜಾಗ ಹಿಡಿದಿಟ್ಟಿರುತ್ತೇನೆ ಎಂದ. ಲೈಫ್ ಜಾಕೆಟ್‌ಗಳನ್ನು ತಂತಿಯ ಮೇಲೆ ಒಣಹಾಕುತ್ತಿದ್ದ ಇವಳಿಗೆ ಹೇಳಿದೆ. ಸಂಬಳ ಎಷ್ಟು ಎಂದು ಕೇಳಲಿಲ್ಲ. "ಬಾಗಿಲಿಗೆ ಒಳಗಿಂದ ಚಿಲಕ ಇದೆಯಂತಾ?" ಎಂದು ಕೇಳಿದಳು.

ಕೇಳದೆ ಏನು ಮಾಡಿಯಾಳು? ನಮ್ಮ ಕೋಣೆ ಇರುವುದು ವರ್ಕ್‌ಶಾಪಿನ ಮೇಲೆ. ಹಲಗೆಯ ನೆಲ, ಬಾಗಿಲಿನ ಜಾಗದಲ್ಲಿ ಪರದೆ. ಕೆಳಗೆ ಪೆಟ್ರೋಲ್ ಚೆಲ್ಲಿದರೆ ಮೇಲೆ ದಿಂಬಿಗೆ ವಾಸನೆ. ಮಾವ ಕುರ್ಚಿಯಲ್ಲಿ ಕೂತಲ್ಲಿಂದಲೇ ದೋಣಿಯ ಹುಟ್ಟೆತ್ತಿ ನಮ್ಮ ನೆಲಕ್ಕೆ ಕುಟ್ಟುತ್ತಾರೆ. ಒಂದು ಕುಟ್ಟಿದರೆ ಮಗಳು ಇಳಿಯಬೇಕು, ಎರಡು ಕುಟ್ಟಿದರೆ ನಾನು. ಮೂರು ಕುಟ್ಟಿದರೆ ಏನು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಮೂರನೇದು ಕುಟ್ಟೋ ಹೊತ್ತಿಗೆ ನೀವು ಇಳಿದಾಗಿರಬೇಕು ಅಳಿಯಂದ್ರೇ" ಎಂದಿದ್ದರು.

ಮಾವ ಒಂದು ಕಾಲದಲ್ಲಿ ವಾಟರ್ ಸ್ಕೂಟರ್ ರೇಸಿನ ಹುಲಿ. ನಮ್ಮ ಮದುವೆಯ ವರ್ಷ ಬಿದ್ದು ಸೊಂಟ ಮುರಿದುಕೊಂಡರು. ಸೊಂಟ ಸರಿಹೋಗುವ ತನಕ ವರ್ಕ್‌ಶಾಪ್ ನೋಡಿಕೊಳ್ಳಿ ಎಂದರು. ಸೊಂಟ ಸರಿಹೋಗಲಿಲ್ಲ, ನಾವೂ ಹೋಗಲಿಲ್ಲ. ಎಷ್ಟೋ ಸಲ ಹೇಳದೆ ಹೊರಟುಬಿಡೋಣ ಎಂದಿದ್ದೇನೆ. ಇವಳದ್ದು ಒಂದೇ ಹಟ. "ಅಪ್ಪ ತಾನಾಗಿ ಹೋಗಿ ಅನ್ನಬೇಕು. ಕದ್ದು ಓಡಿಹೋದ್ರೆ ಅಲ್ಲಿ ನನಗೆ ಅನ್ನ ಸೇರಲ್ಲ."

ಮಧ್ಯಾಹ್ನ ಇಬ್ಬರೂ ಹೋಗಿ ಅವರೆದುರು ನಿಂತೆವು. ಮಾವ ಕಿಟಕಿಯಾಚೆ ಸರೋವರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಸರೋವರ ನೋಡಿದರು.

"ಮೇ ತಿಂಗಳ ರೇಸಲ್ಲಿ ನಮ್ಮ ಹಳದಿ ಗಾಡಿ ಆಚೆ ದಡದವನನ್ನ ಹಿಂದೆ ಹಾಕ್ಲಿ. ಮಾರನೇ ದಿನವೇ ಗಂಟುಮೂಟೆ ಕಟ್ಟಿ. ನಾನೇ ಬಸ್ ಹತ್ತಿಸ್ತೀನಿ."

ಆಚೆ ದಡದವನು ಎಂದರೆ ಸರೋವರದ ಆ ಬದಿಗೆ ನಮ್ಮಂಥದ್ದೇ ಅಂಗಡಿ ಇಟ್ಟವನು. ಸ್ಕೂಟರ್ ಬಾಡಿಗೆ, ರಿಪೇರಿ. ಮೂರು ವರ್ಷದಿಂದ ಅವನೇ ಗೆದ್ದು ನಮ್ಮ ಗಿರಾಕಿಗಳನ್ನೆಲ್ಲ ಆಚೆಗೆ ಸೆಳೆದಿದ್ದಾನೆ. ಗೆದ್ದ ಅಂಗಡಿಗಾದರೆ ಇನ್ನೊಬ್ಬ ಮೆಕ್ಯಾನಿಕ್ ಓಡಿಬರುತ್ತಾನೆ, ಸೋತ ಅಂಗಡಿಗೆ ಅಳಿಯನೇ ಗತಿ. ಇದು ಮಾವನ ವಾದ. ಗಾಡಿ ಓಡಿಸುವವನು ಬಾಮೈದ, ಇವಳ ತಮ್ಮ, ಇಪ್ಪತ್ತಾರರ ಗಟ್ಟಿ ಆಳು. ಷರತ್ತು ಕೇಳಿ ಟೀ ಲೋಟ ತೊಳೆಯಲು ಎದ್ದುಹೋದ. ಸೋತರೆ ನಮ್ಮ ಶಾಪ ತಟ್ಟೀತೆಂದು ಅಂಜಿದನೇನೋ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಇಲಿಗೆ ಇವತ್ತು ಒಂದು ಕಿಂಡಿ ಕಂಡಿದೆ. ಇವಳ ಮುಖ ನೋಡಿ ನನಗೆ ಅಳುವೇ ಬಂತು.

ಫೆಬ್ರವರಿ 17, ಸೋಮವಾರ

ಹಳದಿ ಗಾಡಿಯನ್ನು ಒಳಗೆ ತಂದು ಕೆಲಸ ಶುರುಮಾಡಿದೆ. ಗಾಡಿ ಎಂದು ನಾವು ಅನ್ನುವುದಷ್ಟೇ, ಅದಕ್ಕೆ ಚಕ್ರವಿಲ್ಲ, ಬ್ರೇಕೂ ಇಲ್ಲ. ಹೊಟ್ಟೆಯಡಿಯಿಂದ ನೀರು ಹೀರಿ, ಕೊಳವೆಯೊಳಗಿನ ಇಂಪೆಲ್ಲರ್ ರೆಕ್ಕೆಯಿಂದ ಹಿಂದಕ್ಕೆಸೆಯುತ್ತದೆ. ಎಸೆದಷ್ಟು ಜೋರಾಗಿ ಮುಂದಕ್ಕೆ ಹೋಗುತ್ತದೆ. ಎಸೆಯುವುದು ನಿಂತರೆ ತಿರುಗುವುದೂ ನಿಂತಿತು. ಬಾಡಿಗೆಗೆ ಬಂದವರಿಗೆ ಇವಳು ಕೌಂಟರಿನಿಂದ ಹೇಳುತ್ತಲೇ ಇರುತ್ತಾಳೆ: "ಹೆದರಿಕೆ ಆದ್ರೂ ಎಕ್ಸಲರೇಟರ್‌ನಿಂದ ಪೂರ್ತಿ ಬೆರಳು ಬಿಡಬೇಡಿ. ಬಿಟ್ರೆ ಹ್ಯಾಂಡಲ್ ಎಷ್ಟು ತಿರುಗಿಸಿದ್ರೂ ಅದು ನೆಟ್ಟಗೇ ಹೋಗುತ್ತೆ." ಹ್ಞೂಂ ಎಂದು ತಲೆಯಾಡಿಸುತ್ತಾರೆ, ಹೆದರುತ್ತಾರೆ, ಬೆರಳು ಬಿಡುತ್ತಾರೆ, ಬಂದು ಗಾಡಿ ಕಟ್ಟುವ ಹಲಗೆಯ ಜೆಟ್ಟಿಗೆ ಗುದ್ದುತ್ತಾರೆ. ಒಡೆದ ಮೂತಿ ಅಂಟಿಸಲು ನಾನಿದ್ದೇನಲ್ಲ.

ನನಗೆ ಈ ಜಾತಿಯ ಗಾಡಿ ಕಂಡರೆ ಮೈಯುರಿ. ಲಾಂಚಿನ ಎಂಜಿನ್ ಒಂದು ಸಂಸಾರಸ್ಥ ಎಂಜಿನ್. ಜನ, ಸೈಕಲ್ಲು, ತರಕಾರಿ ಮೂಟೆ ಎಲ್ಲವನ್ನೂ ದಾಟಿಸುತ್ತದೆ. ಇದು ಒಬ್ಬನ ತಲೆಗೂದಲು ಹಾರಿಸಿ ಹೊರಟಲ್ಲಿಗೇ ವಾಪಸು ತರುತ್ತದೆ. ನಾನು ಒಮ್ಮೆಯೂ ಹತ್ತಿಲ್ಲ. ಈಜು ಬಾರದು. ನೀರಿಗಿಳಿಯದ ನೀರು ಮೆಕ್ಯಾನಿಕ್ ಎಂದು ಬಾಮೈದ ಆಡಿಕೊಳ್ಳುತ್ತಾನೆ.

ಕಂಪನಿಯವರು ಇದಕ್ಕೆ ನಾಲ್ಕಾರು ಕಡಿವಾಣ ಹಾಕಿಯೇ ಕಳಿಸಿರುತ್ತಾರೆ. ಒಂದೊಂದನ್ನೇ ಬಿಚ್ಚಬೇಕು. ಮೊದಲು ಹೊಟ್ಟೆಯಡಿಯ ಜಾಲರಿ ತೆಗೆದು ಹೆಚ್ಚು ನೀರು ಎಳೆಯುವಂಥದ್ದು ಹಾಕಿದೆ. ಬಾಲದಡಿ ನೀರಿಗೆ ಒತ್ತಿಕೊಂಡು ಗಾಡಿಯ ಕುಣಿತ ತಡೆಯುವ ತಟ್ಟೆಯನ್ನೂ ಬದಲಾಯಿಸಿದೆ. ಅವರ ಮನೆಯ ಗಾಡಿ, ಅವರ ಮನೆಯ ಹುಚ್ಚು. ನನಗೆ ಬೇಕಾದದ್ದು ಎರಡು ಬಸ್ ಟಿಕೆಟ್.

ಮಾರ್ಚ್ 2, ಭಾನುವಾರ

ಗಾಡಿ ಚೆನ್ನಾಗಿ ಜಿಗಿಯುತ್ತಿದೆ. ನಿಂತಲ್ಲಿಂದ ಹೊರಡುವಾಗ ಮೊದಲಿನ ತೂಕಡಿಕೆ ಇಲ್ಲ.

ಇವಳು ಪರದೆ ಬಟ್ಟೆ ತಂದಿದ್ದಾಳೆ. ನೋಡದ ಕ್ವಾರ್ಟರ್ಸಿನ ನೋಡದ ಕಿಟಕಿಗೆ! ಅಳತೆ ಎಲ್ಲಿಂದ ತಂದೆ ಎಂದರೆ "ಕಿಟಕಿ ಅಂದ್ರೆ ಎಷ್ಟಿರುತ್ತೆ, ಇಷ್ಟಿರುತ್ತೆ" ಎಂದು ಕೈಯಗಲಿಸಿ ತೋರಿಸಿದಳು. ಕೂಸು ಹುಟ್ಟೋ ಮುಂಚೆ ಕುಲಾವಿ ಎಂದೆ. ಬಟ್ಟೆಯಿಂದ ನನ್ನ ತಲೆಗೆ ಹೊಡೆದಳು. ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕೆಳಗಿಂದ ಎರಡು ಕುಟ್ಟು. ನಗುವಿಗೂ ಒಂದು ಕುಟ್ಟು ಇಟ್ಟಿದ್ದಾರೋ ಏನೋ ಈ ಮಹಾನುಭಾವರು. ನನ್ನ ಜೀವಮಾನ ಈ ಹಲಗೆಗಳ ಮೇಲೆ ಸವೆಯಬಾರದು. ಖಂಡಿತ ಸವೆಯಬಾರದು.

ಮಾರ್ಚ್ 12, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಷರ ಸೊಟ್ಟಗಾಗುತ್ತಿವೆ.

ನೀರಿಂದ ಮೇಲೆ ತಂದ ಗಾಡಿಗೆ ಪೈಪು ಹಚ್ಚಿ ಎಂಜಿನ್ನಿನ ಒಳಗೆ ತೊಳೆಯಬೇಕು. ಅದಕ್ಕೊಂದು ಕ್ರಮ ಇದೆ. ಮೊದಲು ಎಂಜಿನ್ ಚಾಲೂ, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ತಲೆಕೆಳಗಾದರೆ ನೀರು ಹೊಗೆ ಕೊಳವೆಯಿಂದ ಎಂಜಿನ್ನಿನೊಳಗೆ ಹೋಗಿ ಕೂರುತ್ತದೆ. ಆಗ ಸ್ಟಾರ್ಟ್ ಒತ್ತಿದರೆ ಒಳಗಿನ ರಾಡ್ ಬಾಗಿ ಎಂಜಿನ್ ಗೊಟಕ್. ಈ ಮನೆಯಲ್ಲಿ ಮಕ್ಕಳು ಇದನ್ನು ಮಗ್ಗಿಗಿಂತ ಮೊದಲು ಕಲಿತಿದ್ದಾರೆ.

ಬಾಮೈದ ಇವತ್ತು ಮೊದಲು ನಲ್ಲಿ ತಿರುಗಿಸಿದ್ದಾನೆ! ಸ್ಟಾರ್ಟ್ ಒತ್ತಲು ಬೆರಳು ಇಟ್ಟಿದ್ದ. ಪೈಪು ಉಬ್ಬಿರುವುದು ನನ್ನ ಕಣ್ಣಿಗೆ ಬಿತ್ತು, ಕೂಗಿದೆ. ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದರೆ ಕಾರಂಜಿಯಂತೆ ನೀರು. ಎಲ್ಲ ಒಣಗಿಸಿ, ಆಯಿಲ್ ಹಾಕಿ ಉಳಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

"ಏನೋ ಯೋಚನೆ ಮಾಡ್ತಿದ್ದೆ ಭಾವ, ಮರೆತುಹೋಯ್ತು."

ಮೀನಿಗೆ ಈಜು ಮರೆಯುತ್ತದೆಯೇ? ಇವಳು ನಡುವೆ ಬಂದು "ಹೋಗ್ಲಿ ಬಿಡಿ, ಉಳೀತಲ್ಲ" ಎಂದಳು. ನಾನು ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಈ ಮನೆಯಲ್ಲಿ ಕೂಗುವ ಕೆಲಸ ಇವತ್ತು ನನ್ನದಾಯಿತು.

ಮಾರ್ಚ್ 26, ಬುಧವಾರ

ಹೊಸ ಇಂಪೆಲ್ಲರ್ ಬಂತು. ಹಳೆಯದಕ್ಕಿಂತ ರೆಕ್ಕೆಯ ತಿರುಚು ಹೆಚ್ಚು, ಒಂದೊಂದು ಸುತ್ತಿಗೂ ಹೆಚ್ಚು ನೀರು ತಳ್ಳುತ್ತದೆ. ಅದರ ಸುತ್ತ ಒಂದು ಬಳೆ ಇರುತ್ತದೆ. ಬಳೆಗೂ ರೆಕ್ಕೆಗೂ ನಡುವೆ ಕಾಗದ ತೂರಿಸುವಷ್ಟೇ ಸಂದು ಇರಬೇಕು. ಹಳೆ ಬಳೆ ಮರಳು ತಿಂದು ಸವೆದಿತ್ತು. ಹೊಸದನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ ಕೂರಿಸಿದೆ. ಕೈಯಿಂದ ರೆಕ್ಕೆ ತಿರುಗಿಸಿದರೆ ಸದ್ದೇ ಇಲ್ಲದೆ ತಿರುಗುತ್ತದೆ. ಸುಮ್ಮನೆ ನಾಲ್ಕೈದು ಸಲ ತಿರುಗಿಸಿದೆ.

ಊಟಕ್ಕೆ ಇವಳು ಕರೆದದ್ದು ಕೇಳಿಸಲಿಲ್ಲವಂತೆ. ಕೊನೆಗೆ ಹುಟ್ಟಿನಿಂದ ಕುಟ್ಟಿ ಕರೆಯಬೇಕಾಯಿತಂತೆ, ಮೇಲಿಂದ ಕೆಳಕ್ಕೆ. ತಮಾಷೆಗೆ ಹೇಳಿದಳು.

ಏಪ್ರಿಲ್ 6, ಭಾನುವಾರ

ಲಿಮಿಟರ್ ಬಿಚ್ಚಿದೆ. ಎಂಜಿನ್ನಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಇಷ್ಟೇ ವೇಗ ಎಂದು ಕಂಪನಿ ಹಾಕಿದ್ದ ಗೆರೆಯನ್ನು ಅಳಿಸಿದೆ. ಇನ್ನು ಗಾಡಿಗೆ ಮಿತಿ ಅಂತ ಇಲ್ಲ, ನೀರೇ ಗೆರೆ.

ಆದರೆ ಮೀಟರ್ ನೂರಹತ್ತು ದಾಟುತ್ತಿಲ್ಲ! ಲಿಮಿಟರ್ ಇದ್ದಾಗಲೂ ನೂರಹತ್ತು, ಬಿಚ್ಚಿದ ಮೇಲೂ ನೂರಹತ್ತು. ಆಚೆ ದಡದವನ ಕಪ್ಪು ಗಾಡಿ ನೂರಿಪ್ಪತ್ತು ಮುಟ್ಟುತ್ತದೆ ಎಂದು ಸರೋವರದ ಕಪ್ಪೆಗಳಿಗೂ ಗೊತ್ತು.

"ಏನಾಗ್ತಿದೆ?" ಎಂದೆ.

"ಗಾಡಿ ಕುಣೀತದೆ ಭಾವ. ಮೂತಿ ಎದ್ದೆದ್ದು ಬೀಳ್ತದೆ. ಇದಕ್ಕಿಂತ ಹೋಗಲ್ಲ ಅದು."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ."

ಅವನು ನಗಲಿಲ್ಲ. ಮೊಣಕೈ ಕಪ್ಪುಗಟ್ಟಿತ್ತು, ತಿರುವಿನಲ್ಲಿ ಬಿದ್ದನಂತೆ. ಗಾಡಿಯ ಎರಡೂ ಪಕ್ಕದಲ್ಲಿ ನೀರು ಹಿಡಿಯುವ ರೆಕ್ಕೆಗಳನ್ನು ಸ್ವಲ್ಪ ಕೆಳಗಿಳಿಸಿದರೆ ತಿರುವು ಹಿಡಿಯುತ್ತದೆ, ನಾಳೆ ಮಾಡಬೇಕು. ಇವಳು ಅವನ ಮೊಣಕೈಗೆ ಏನೋ ಹಚ್ಚುತ್ತಿದ್ದಳು. ನೀವೂ ನೋಡಿ ಎಂದಳು. ನೋಡಿದೆ.

ಏಪ್ರಿಲ್ 14, ಸೋಮವಾರ

ಪಕ್ಕದ ರೆಕ್ಕೆ ಇಳಿಸಿದೆ. ಗಾಳಿ ಎಳೆಯುವ ಬಾಯಿ ಬದಲಾಯಿಸಿದೆ. ನೂರಹತ್ತು.

ಏಪ್ರಿಲ್ 18, ಶುಕ್ರವಾರ

ನೂರಹತ್ತು. ಉಗುಳಲಾಗದ, ನುಂಗಲಾಗದ ಬಿಸಿ ತುಪ್ಪ. ಈ ಮನೆಯ ಹಲಗೆಗಳೇ ನನ್ನನ್ನು ಹಿಡಿದುಕೊಂಡಿವೆ ಎನ್ನಿಸುತ್ತದೆ. ಇವಳು ಪರದೆಗೆ ಅಂಚು ಹೊಲಿದು ಮಡಿಸಿಟ್ಟಳು. ಗಾಡಿ ಹೇಗಿದೆ ಎಂದು ಕೇಳುವುದನ್ನು ಬಿಟ್ಟಿದ್ದಾಳೆ.

ಏಪ್ರಿಲ್ 23, ಬುಧವಾರ

ಇವತ್ತು ನಾನು ನೀರಿಗಿಳಿದೆ.

ಇಳಿಯಲು ಕಾರಣ ಒಂದು ಸದ್ದು. ನಿನ್ನೆ ಜೆಟ್ಟಿಯ ತುದಿಯಲ್ಲಿ ಕಣ್ಣುಮುಚ್ಚಿ ನಿಂತು ಗಾಡಿಯ ಸದ್ದು ಕೇಳುತ್ತಿದ್ದೆ. ನಡು ಸರೋವರಕ್ಕೆ ಹೋದಾಗ ಸದ್ದು ಇಳಿಯಿತು. ಇಂಪೆಲ್ಲರಿಗೆ ನೊರೆ ಸಿಕ್ಕಿ ಗಾಡಿ ತಡವರಿಸಿದರೆ ಸದ್ದು ಏರಬೇಕು, ರೆಕ್ಕೆ ಬರಿದೇ ಗಿರಗಿರ ತಿರುಗುತ್ತದಲ್ಲ. ಗಾಡಿ ಕುಣಿದರೆ ಸದ್ದು ಕುಣಿಯಬೇಕು. ಇದು ಎರಡೂ ಅಲ್ಲ. ನುಣ್ಣಗೆ ಇಳಿಯಿತು. ಅಂದರೆ ಬೆರಳು. ಯಾರೋ ಬೆರಳು ಸಡಿಲ ಬಿಡುತ್ತಿದ್ದಾರೆ. ಯಾರೋ ಏನು ಬಂತು, ಗಾಡಿ ಮೇಲಿರುವವನು ಒಬ್ಬನೇ.

ಖಾತ್ರಿ ಆಗದೆ ಹೇಗೆ ಕೇಳುವುದು? ಬೆಳಿಗ್ಗೆ ಅಕ್ಕ ತಮ್ಮ ಪೇಟೆಗೆ ಹೋದ ಹೊತ್ತು ನೋಡಿ, ಎರಡು ಜಾಕೆಟ್ ಒಂದರ ಮೇಲೊಂದು ಹಾಕಿಕೊಂಡೆ. ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡೆ. ಹತ್ತಿ ಕೂತೆ. ದಡದ ಹತ್ತಿರ ಮೆಲ್ಲಗೆ ಎರಡು ಸುತ್ತು. ಆಮೇಲೆ ಮೂತಿಯನ್ನು ಬಯಲು ನೀರಿಗೆ ತಿರುಗಿಸಿ ಎಳೆದೆ. ಪೂರ್ತಿ.

ಹೇಗೆ ಬರೆಯಲಿ? ಗಾಡಿ ನೀರಿನ ಮೇಲೆ ಇರಲೇ ಇಲ್ಲ. ನಾನು ಉಜ್ಜಿದ ಬಳೆ, ನಾನು ಕೂರಿಸಿದ ರೆಕ್ಕೆ, ನಾನು ಬಿಗಿದ ಒಂದೊಂದು ಬೋಲ್ಟೂ ನನ್ನ ಹಲ್ಲಿನಲ್ಲಿ ಕೇಳಿಸುತ್ತಿತ್ತು. ನೂರಿಪ್ಪತ್ತೆಂಟು! ಕೂಗಿದೆನಂತೆ. ಮಾವ ಕಿಟಕಿಯಿಂದ ಕೇಳಿಸಿಕೊಂಡರಂತೆ. ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು. ಮೂತಿ ಚೂರೂ ಕುಣಿಯಲಿಲ್ಲ, ಕುಣಿಯುವುದು ಹೇಗೆ, ತಟ್ಟೆ ಕೂರಿಸಿದವನು ನಾನು. ಕಳ್ಳನನ್ನು ಹಿಡಿಯಲು ಹೋದವನು ಇನ್ನೆರಡು ಸುತ್ತು ಸುಮ್ಮನೆ ಹೊಡೆದೆ.

ವಾಪಸು ಬಂದಾಗ ಮಾವ ಹುಟ್ಟನ್ನು ಕೋಲಿನಂತೆ ಊರಿಕೊಂಡು ಜೆಟ್ಟಿಯ ತನಕ ಬಂದು ನಿಂತಿದ್ದರು. ತಿಂಗಳುಗಳಿಂದ ಅಷ್ಟು ದೂರ ನಡೆದವರಲ್ಲ. ನನ್ನ ಮುಖ ನೋಡಿದರು, ಬೈಯಲಿಲ್ಲ. "ಹತ್ತಿಬಿಟ್ರಾ ಅಳಿಯಂದ್ರೇ" ಎಂದಷ್ಟೇ ಹೇಳಿ ಮೆಲ್ಲಗೆ ವಾಪಸು ಹೋದರು.

ಏಪ್ರಿಲ್ 24, ಗುರುವಾರ

ಜೆಟ್ಟಿಯ ಮೇಲೆ ಹಿಡಿದು ಕೇಳಿದೆ. ಸುಳ್ಳು ಹೇಳಲಿಲ್ಲ ಅವನು.

"ನಲ್ಲಿ ತಿರುಗಿಸಿದ್ದೂ ಬೇಕಂತಲೇ ಭಾವ."

"ಯಾಕೋ? ನಾವು ಇಲ್ಲೇ ಕೊಳೀಬೇಕಾ?"

"ನೀವು ಹೋದ್ಮೇಲೆ ಇಲ್ಲಿ ನಾನೂ ಅಪ್ಪನೂ, ಇಬ್ಬರೇ. ಅಕ್ಕನಿಗೆ ಒಂದು ಕುಟ್ಟು, ನಿಮಗೆ ಎರಡು. ಆಮೇಲೆ ಎಲ್ಲಾ ಕುಟ್ಟೂ ನನಗೇ ಅಲ್ವಾ?"

ದಾಂಡಿಗ ಆಳು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಒಂದು ಕ್ಷಣ ಪಾಪ ಎನ್ನಿಸಿತು. ಆದರೆ ನನ್ನ ಮೂರು ತಿಂಗಳು ನೀರಿಗೆ ಹಾಕಿದ್ದಾನೆ. ನೂರಿಪ್ಪತ್ತೆಂಟು ಹೋಗುವ ಗಾಡಿಯನ್ನು ನೂರಹತ್ತರಲ್ಲಿ ಓಡಿಸುವುದೆಂದರೆ! "ಇನ್ನೊಂದು ಸಲ ಬೆರಳು ಎತ್ತಿದ್ರೆ ಆ ಬೆರಳೇ ಇರಲ್ಲ, ತಿಳ್ಕೋ" ಎಂದೆ.

ಇವಳು ಹಿಂದೆ ನಿಂತಿದ್ದಳು. ಯಾವಾಗ ಬಂದಳೋ. "ಥೇಟ್ ಅಪ್ಪ ಮಾತಾಡಿದ ಹಾಗಿತ್ತು" ಎಂದಳು ನನಗೆ. ತಮ್ಮನ ಭುಜ ಹಿಡಿದು, "ನೀನೂ ಬಾರೋ ಹುಚ್ಚಪ್ಪಾ. ಎರಡು ಕೋಣೆ ಇದೆಯಲ್ಲ. ಗೆಲ್ಲು, ಮೂರು ಜನಾನೂ ಹೋಗೋಣ. ಅಪ್ಪನಿಗೆ ನಾನು ಹೇಳ್ತೀನಿ" ಎಂದಳು. ಅವನು ಹ್ಞೂಂ ಎಂದ. ಇಷ್ಟು ಸುಲಭದ ಮಾತು ಫೆಬ್ರವರಿಯಲ್ಲೇ ಯಾಕೆ ಯಾರಿಗೂ ಹೊಳೆಯಲಿಲ್ಲ?

ಸಂಜೆ ಮೀಟರ್ ನೂರಿಪ್ಪತ್ತೈದು. ನನಗಿಂತ ಅವನ ತೂಕ ಹೆಚ್ಚು, ಸರಿಯೇ.

ಮೇ 11, ಭಾನುವಾರ

ಗೆದ್ದೆವು!

ಕೊನೆಯ ತೇಲುಗುಂಡಿನ ತನಕ ಕಪ್ಪು ಗಾಡಿ ಮುಂದಿತ್ತು. ಅಲ್ಲಿ ತಿರುವು. ಆಚೆ ದಡದವನ ಗಾಡಿ ಅಗಲಕ್ಕೆ ಹೋಯಿತು, ನನ್ನ ಗಾಡಿ ತೇಲುಗುಂಡಿಗೆ ಮೈ ಸವರಿಕೊಂಡು ತಿರುಗಿತು. ಆಮೇಲೆ ನೆಟ್ಟನೆ ನೀರು. ಸದ್ದು ಇಳಿಯಲಿಲ್ಲ. ಇಳಿಯಲೇ ಇಲ್ಲ.

ಇವಳು ಎಲ್ಲರೆದುರು ನನ್ನ ಕೈ ಹಿಡಿದು ಅತ್ತಳು. ಬಾಮೈದನ ಅಂಗೈ ಸುಲಿದುಹೋಗಿತ್ತು, ತುಟಿ ಒಡೆದಿತ್ತು, ಆದರೂ ನಗುತ್ತಿದ್ದ. "ಬಸ್ ಎಷ್ಟೊತ್ತಿಗೆ ಅಕ್ಕಾ?" ಅಂತ ನೀರಿಂದಲೇ ಕೂಗಿದ.

ಒಂದೇ ಕೊರತೆ. ತಿರುವಿನಿಂದ ಎದ್ದು ಬರುವಾಗ ಗಾಡಿ ಚೂರು ತಡೆದಂತೆ ಕಂಡಿತು. ದಡದಿಂದ ಸರಿಯಾಗಿ ಗೊತ್ತಾಗಲಿಲ್ಲ.

ಮೇ 12, ಸೋಮವಾರ

ಮಾವ ಮಾತು ತಪ್ಪುತ್ತಾರೆ ಎಂದು ಐದು ವರ್ಷದ ಅನುಭವದಿಂದ ನಾನು ಪಂದ್ಯ ಕಟ್ಟಲು ತಯಾರಿದ್ದೆ. ತಪ್ಪಲಿಲ್ಲ. ಮಗನನ್ನೂ ಕಳಿಸಲು ಒಪ್ಪಿದ್ದಾರೆ. ಹೊಸ ಮೆಕ್ಯಾನಿಕ್ ಮುಂದಿನ ತಿಂಗಳು ಬರುತ್ತಾನೆ, ಅಲ್ಲಿಯವರೆಗೆ ಬಾಡಿಗೆ ಗಾಡಿ ಮಾತ್ರ ಬಿಡುತ್ತೇನೆ ಎಂದರು. ಬೆಳಿಗ್ಗೆ ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು, "ಹೋಗಿ ಮಾರಾಯ್ರೇ. ಇವತ್ತೇ ಹೋಗಿ. ನಾನೂ ಗೆದ್ದ ಮಾರನೇ ದಿನ ಬಿಟ್ಟಿದ್ರೆ ಈ ಸೊಂಟ ನೆಟ್ಟಗಿರ್ತಿತ್ತು" ಎಂದರು. ಅವರ ಕಥೆಯನ್ನು ಅವರು ಹೇಳಿಕೊಂಡರು.

ಹೊರಡಬೇಕು ಎನ್ನುವಾಗ ಯಾರು ಬಂದದ್ದು? ಆಚೆ ದಡದವನು! ಟ್ರೇಲರಿನ ಮೇಲೆ ತನ್ನ ಕಪ್ಪು ಗಾಡಿ ಹೇರಿಕೊಂಡು ಖುದ್ದು ಬಂದಿದ್ದಾನೆ. ಮಾವನನ್ನು ನೋಡಲೂ ಇಲ್ಲ, ನೇರ ನನ್ನ ಹತ್ತಿರ ಬಂದ. "ಹಳದಿಗೆ ಏನು ಮಾಡಿದ್ರೋ ಇದಕ್ಕೂ ಅದನ್ನೇ ಮಾಡಿಕೊಡಿ. ಇನ್ನೊಬ್ಬನ ಕೈಲಿ ಆಗಲ್ಲ ಇದು." ಮೂರು ವರ್ಷ ನಮ್ಮನ್ನು ಸೋಲಿಸಿದ ಮನುಷ್ಯ! ಇವಳಿಗೆ ಹೇಳಿದೆ, ಒಂದೇ ವಾರ. ನೀವಿಬ್ಬರೂ ಹೋಗಿ ಮನೆ ಹೊಂದಿಸುತ್ತಿರಿ, ಭಾನುವಾರಕ್ಕೆ ನಾನು ಬಂದೆ.

"ಈಗ ನಿಮ್ಮನ್ನ ಯಾರೂ ಹಿಡಿದುಕೊಂಡಿಲ್ಲ, ಗೊತ್ತು ತಾನೇ?" ಎಂದಳು.

ಹಿಡಿದುಕೊಂಡಿಲ್ಲ, ನಿಜ. ಅದಕ್ಕೇ ಒಂದು ವಾರ ಇರಬಹುದು. ಪರದೆಯ ಗಂಟನ್ನು ಬಾಮೈದ ಹೆಗಲಿಗೆ ಹಾಕಿಕೊಂಡ. ಬಸ್ಸಿನ ತನಕ ಹೋಗಿ ಬಿಟ್ಟುಬಂದೆ.

ಮೇ 18, ಭಾನುವಾರ

ಕಪ್ಪು ಗಾಡಿಗೆ ತಪ್ಪು ಅಳತೆಯ ಬಳೆ ಕಳಿಸಿದ್ದಾರೆ ಕತ್ತೆಗಳು. ಬದಲಿ ಬರುವುದು ಬುಧವಾರ. ಅರ್ಧಕ್ಕೆ ಬಿಟ್ಟು ಹೋಗಲಾಗುತ್ತದೆಯೇ? ಮುಂದಿನ ಭಾನುವಾರ.

ಮೇ 25, ಭಾನುವಾರ

ಕಪ್ಪು ಗಾಡಿ ನೂರಿಪ್ಪತ್ತೇಳು. ನನ್ನ ಹಳದಿಗಿಂತ ಒಂದು ಕಡಿಮೆ. ಬೇಕೆಂದೇ ಏನೂ ಕಡಿಮೆ ಮಾಡಿಲ್ಲ, ಅದರ ಮೈಯೇ ಭಾರ. ಹಳದಿಯನ್ನು ನೂರಮೂವತ್ತಕ್ಕೆ ಮುಟ್ಟಿಸಬಹುದು ಎಂದು ಕಪ್ಪನ್ನು ಬಿಚ್ಚಿದಾಗ ಗೊತ್ತಾಯಿತು. ನೀರು ಹೊರಗೆಸೆಯುವ ಮೂತಿ ಅರ್ಧ ಮಿಲಿಮೀಟರ್ ಕಿರಿದಾಗಬೇಕು. ಕಿರಿದಾದರೆ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದರೆ ಇಂಪೆಲ್ಲರಿನ ತಿರುಚನ್ನು ಮತ್ತೆ ನೋಡಬೇಕು, ಅದನ್ನು ನೋಡಿದರೆ ಜಾಲರಿ. ಒಂದನ್ನು ಮುಟ್ಟಿದರೆ ಎಲ್ಲವನ್ನೂ ಮುಟ್ಟಬೇಕು. ಎಷ್ಟು ಚೆಂದದ ಕಟ್ಟು!

ಇವಳು ಫೋನ್ ಮಾಡಿದ್ದಳು. ಪರದೆ ಒಂದು ಗೇಣು ಉದ್ದವಾಯಿತಂತೆ, ಆದರೂ ಹಾಗೇ ಬಿಟ್ಟಿದ್ದಾಳಂತೆ. ಇನ್ನೂ ಏನೋ ಹೇಳಿದಳು. ಕೈಯಲ್ಲಿ ಗ್ರೀಸ್ ಇತ್ತು, ಆಮೇಲೆ ಮಾಡುತ್ತೇನೆ ಎಂದೆ.

ಜೂನ್ 1, ಭಾನುವಾರ

ಹಳದಿ. ನೂರಿಪ್ಪತ್ತೊಂಬತ್ತು. ನಾನೇ ಓಡಿಸಿದ್ದು. ಈಗ ಒಂದೇ ಜಾಕೆಟ್ ಸಾಕು.

ಜೂನ್ 8, ಭಾನುವಾರ

ಹೊಸ ಮೆ‌ಕ್ಯಾನಿಕ್ ಬಂದಿದ್ದಾನೆ. ಕೈ ಚುರುಕು, ಬಾಯಿ ಕಡಿಮೆ. ಬಾಡಿಗೆ ಗಾಡಿಗಳನ್ನು ಅವನಿಗೆ ಬಿಟ್ಟಿದ್ದೇನೆ. ಹಳದಿಯ ಹತ್ತಿರ ಸುಳಿಯಬೇಡ ಎಂದಿದ್ದೇನೆ.

ಮಾವ ಬೆಳಿಗ್ಗೆ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದರು. ಆ ಸೊಂಟ ಇಟ್ಟುಕೊಂಡು! ನನ್ನ ಬಟ್ಟೆಗಳನ್ನು ತಾವೇ ಚೀಲಕ್ಕೆ ತುಂಬಿ ಕೆಳಗೆ ತಂದು ಬಾಗಿಲಲ್ಲಿಟ್ಟಿದ್ದಾರೆ.

"ಹತ್ತು ಗಂಟೆ ಬಸ್ಸಿಗೆ ಹೊರಡಿ. ನಾನು ಕೈಮುಗೀತೀನಿ. ಅವಳು ಕಾಯ್ತಾ ಇದ್ದಾಳೆ."

"ಸುಮ್ನಿರಿ ಮಾವ. ನೀರೆಸೆಯೋ ಮೂತಿ ಲೇತ್ ಅಂಗಡಿಯಿಂದ ಇವತ್ತು ಬರ್ತಿದೆ."

"ನನ್ನನ್ನ ನೋಡಿಯಾದ್ರೂ ಕಲೀರಿ."

"ನೀವು ಬಿದ್ದದ್ದು ತಟ್ಟೆ ಸರಿಯಿಲ್ಲದ್ದಕ್ಕೆ" ಎಂದೆ. ಅವರ ಹಳೆ ಗಾಡಿಯನ್ನು ನಾನು ನೋಡಿದ್ದೇನೆ, ನಿಜವಾಗಿಯೂ ತಟ್ಟೆಯದೇ ತಪ್ಪು. ವಯಸ್ಸಾದಂತೆ ಜನ ಹೀಗೆ ಗೋಳಾಡುತ್ತಾರೆ. ಚೀಲದಿಂದ ಒಂದು ಅಂಗಿ ತೆಗೆದು ಹಾಕಿಕೊಂಡು ಕೆಲಸಕ್ಕೆ ಹೋದೆ.

ಜೂನ್ 19, ಗುರುವಾರ

ಮಧ್ಯಾಹ್ನ ಇವಳ ಫೋನ್ ಬಂತು. ಸೂಪರ್‌ವೈಸರ್ ಇನ್ನು ಕಾಯಲಾಗದು ಎಂದು ಕೆಲಸವನ್ನು ಬಾಮೈದನಿಗೇ ಕೊಟ್ಟನಂತೆ. ಕ್ವಾರ್ಟರ್ಸೂ ಅವನ ಹೆಸರಿಗಾಯಿತಂತೆ. ಮೊನ್ನೆ ಅವನು ರಿಪೇರಿ ಮಾಡಿದ ಲಾಂಚಿನಲ್ಲಿ ಇವಳು ಆಚೆಗೂ ಈಚೆಗೂ ಒಂದು ಸಲ ಸುಮ್ಮನೆ ಹೋಗಿಬಂದಳಂತೆ.

"ಬೇಜಾರಾಯ್ತಾ ನಿಮಗೆ?" ಎಂದಳು.

ಇಲ್ಲ, ಒಳ್ಳೆಯದೇ ಆಯಿತು, ಚುರುಕು ಹುಡುಗ, ಕಲಿಯುತ್ತಾನೆ ಎಂದೆ. ಇವಳು ಫೋನ್ ಇಡಲಿಲ್ಲ. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಾಳೆ ಎಂದು ತಿಳಿಯಿತು. ಆಗ ನೆನಪಾಯಿತು.

"ತಮ್ಮ ಹತ್ತಿರ ಇದ್ದಾನಾ? ಒಂದು ಕೇಳಬೇಕಿತ್ತು. ರೇಸಿನ ದಿನ ಕೊನೇ ತಿರುವಿಂದ ಎದ್ದು ಬರುವಾಗ ಗಾಡಿ ಯಾವ ಕಡೆಗೆ ಎಳೀತಿತ್ತು ಅಂತ ಕೇಳು. ಬಲಕ್ಕಾ, ಎಡಕ್ಕಾ?"

"ಕೇಳ್ತೀನಿ" ಎಂದಳು. ಫೋನ್ ಇಟ್ಟ ಸದ್ದು.

ಸಂಜೆಯ ತನಕ ಕಾದೆ, ವಾಪಸು ಫೋನ್ ಬರಲಿಲ್ಲ. ಕೇಳಲು ಮರೆತಿರಬೇಕು. ಬಲಕ್ಕೇ ಎಳೆದಿರುತ್ತದೆ. ನಾಳೆ ತಟ್ಟೆ ಬಿಚ್ಚಿ ನೋಡುತ್ತೇನೆ.